ಕಿಟಕಿಯ ಈಚೆ, ಕಿಟಕಿಯ ಆಚೆ
ಸಾರ್ವಜನಿಕ ವೈ-ಫೈ ಜಾಲವನ್ನು ಸುರಕ್ಷಿತವಾಗಿ ಕಟ್ಟುವುದು ಹೇಗೆ?

ಮಕ್ಕಳೇ, ನೀವೆಲ್ಲ ಅಂಚೆ ಕಚೇರಿಯನ್ನು ನೋಡಿರುತ್ತೀರಿ. ಅದರ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಒಳಗೆ ಹೋಗಬಹುದು, ಅಂಚೆ ಚೀಟಿ ಕೊಳ್ಳಬಹುದು, ಉಳಿತಾಯ ಖಾತೆಗೆ ಹಣ ಕಟ್ಟಬಹುದು. ಆದರೆ ಹಣದ ಪೆಟ್ಟಿಗೆ, ಖಾತೆಯ ಕಡತಗಳು, ಹಂಚಬೇಕಾದ ಕಾಗದಗಳು ಎಲ್ಲಿರುತ್ತವೆ? ಕಿಟಕಿಯ ಆಚೆ, ಸಿಬ್ಬಂದಿ ಕೂರುವ ಭಾಗದಲ್ಲಿ. ಅಲ್ಲಿಗೆ ನಾವು ಹೋಗುವಂತಿಲ್ಲ. ನಮಗೆ ಬೇಕಾದುದನ್ನು ಕಿಟಕಿಯ ಮೂಲಕವೇ ಪಡೆಯುತ್ತೇವೆ.

ಕಟ್ಟಡ ಒಂದೇ. ಅದರೊಳಗೆ ಜಾಗಗಳು ಎರಡು. ಒಂದು ಎಲ್ಲರದು, ಇನ್ನೊಂದು ಕೆಲಸದವರದು. ಈ ಏರ್ಪಾಡು ಇಲ್ಲದಿದ್ದರೆ ಏನಾಗುತ್ತಿತ್ತು? ಎಲ್ಲರನ್ನೂ ಹೊರಗೇ ನಿಲ್ಲಿಸಿದರೆ ಅಂಚೆ ಕಚೇರಿಯಿಂದ ಯಾರಿಗೂ ಉಪಯೋಗವಿಲ್ಲ. ಎಲ್ಲರನ್ನೂ ಎಲ್ಲೆಡೆಗೆ ಬಿಟ್ಟರೆ ನಿಮ್ಮ ಕಾಗದಕ್ಕೂ ಹಣಕ್ಕೂ ರಕ್ಷಣೆಯಿಲ್ಲ.

ಇಂದು ಗ್ರಂಥಾಲಯ, ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಸಾರ್ವಜನಿಕರಿಗೆ ವೈ-ಫೈ ದೊರೆಯುತ್ತಿದೆ. ವೈ-ಫೈ ಎಂದರೆ ತಂತಿಯಿಲ್ಲದೆ ರೇಡಿಯೊ ಅಲೆಗಳ ಮೂಲಕ ಕಂಪ್ಯೂಟರ್, ಫೋನುಗಳನ್ನು ಜಾಲಕ್ಕೆ ಸೇರಿಸುವ ವಿಧಾನ. ಅದೇ ಕಟ್ಟಡದಲ್ಲಿ ಸಿಬ್ಬಂದಿಯೂ ವೈ-ಫೈ ಬಳಸುತ್ತಾರೆ. ಹಾಗಾದರೆ ಇಲ್ಲಿ ಕಿಟಕಿ ಎಲ್ಲಿದೆ? ಕಣ್ಣಿಗೆ ಕಾಣದ ಅಲೆಗಳ ನಡುವೆ ಗೋಡೆ ಕಟ್ಟುವುದು ಹೇಗೆ? ನೋಡೋಣ.

ಗೋಡೆ ದಾಟುವ ಅಲೆಗಳು

ತಂತಿಯ ಜಾಲಕ್ಕೆ ಒಂದು ಅನುಕೂಲವಿದೆ. ಅದರೊಳಗೆ ನುಸುಳಬೇಕೆಂದರೆ ಆ ತಂತಿಯ ಬಳಿಗೆ ಬರಬೇಕು. ಕೋಣೆಗೆ ಬೀಗ ಹಾಕಿದರೆ ಬಹುಮಟ್ಟಿಗೆ ಕ್ಷೇಮ. ರೇಡಿಯೊ ಅಲೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ವೈ-ಫೈ ಬಳಸುವ ಒಂದು ಬಗೆಯ ಅಲೆಗಳು ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುತ್ತವೆ. ಇದನ್ನೇ 2.4 ಗಿಗಾಹರ್ಟ್ಸ್ ಎನ್ನುತ್ತಾರೆ. ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತವೆ. ಆ ದೂರವನ್ನು 240 ಕೋಟಿಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸಿಗುತ್ತದೆ. ಅದು ಸುಮಾರು 12.5 ಸೆಂಟಿಮೀಟರ್. ಇಂಥ ಅಲೆಗಳು ಮರದ ಬಾಗಿಲು, ಗಾಜು, ಇಟ್ಟಿಗೆಯ ಗೋಡೆಗಳನ್ನು ದಾಟಬಲ್ಲವು. ದಾಟುವಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತವೆ, ಅಷ್ಟೆ. ಹಾಗಾಗಿ ಕಚೇರಿಯೊಳಗಿನ ವೈ-ಫೈ ಎದುರಿನ ರಸ್ತೆಗೂ ತಲುಪುತ್ತದೆ.

*ಮಾಡಿ ನೋಡಿ:* ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ತೆಗೆದುಕೊಳ್ಳಿ. ಆಕಾಶವಾಣಿಯ ಯಾವುದಾದರೂ ನಿಲ್ದಾಣ ಸ್ಪಷ್ಟವಾಗಿ ಕೇಳುವಂತೆ ಇಡಿ. ಮೊದಲು ಅದನ್ನು ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿ. ಮಾತು ಕೇಳುತ್ತಲೇ ಇರುತ್ತದೆ. ಈಗ ಲೋಹದ ದೊಡ್ಡ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿ. ಡಬ್ಬಿಗೆ ಕಿವಿಗೊಟ್ಟು ಕೇಳಿ. ನಿಲ್ದಾಣದ ಮಾತು ಮಸುಕಾಗಿ ಗೊರಗೊರ ಸದ್ದು ಹೆಚ್ಚುತ್ತದೆ. ಲೋಹ ರೇಡಿಯೊ ಅಲೆಗಳನ್ನು ತಡೆಯುತ್ತದೆ, ರಟ್ಟು ತಡೆಯುವುದಿಲ್ಲ. ಕಚೇರಿಯನ್ನೆಲ್ಲ ಲೋಹದ ಡಬ್ಬಿಯಲ್ಲಿ ಇಡಲು ಆಗುವುದಿಲ್ಲವಲ್ಲ! ಆದ್ದರಿಂದ ಬೇರೆ ಉಪಾಯ ಬೇಕು.

ಹೊರಗೆ ಕುಳಿತ ಕಳ್ಳರು

ಉಪಾಯ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜವಾದ ಉದಾಹರಣೆಯಿದೆ. ಅಮೆರಿಕದಲ್ಲಿ ಟಿಜೆಎಕ್ಸ್ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆಯಿದೆ. ಅದರ ಬಟ್ಟೆಬರೆಯ ಅಂಗಡಿಗಳು ಹಲವು ಊರುಗಳಲ್ಲಿವೆ. 2005ರಲ್ಲಿ ಕಳ್ಳರು ಮಯಾಮಿ ನಗರದಲ್ಲಿದ್ದ ಅದರ ಅಂಗಡಿಯ ವೈ-ಫೈ ಜಾಲಕ್ಕೆ ಹೊರಗಿನಿಂದಲೇ ನುಸುಳಿದರು. ಬೀಗ ಒಡೆಯಲಿಲ್ಲ, ಬಾಗಿಲು ಮುಟ್ಟಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ವೈ-ಫೈಯಲ್ಲಿ ಹೋಗುವ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತಾರೆ. ಸರಿಯಾದ ಕೀಲಿ ಇದ್ದವರು ಮಾತ್ರ ಅದನ್ನು ಓದಬಲ್ಲರು. ಆ ಅಂಗಡಿಯಲ್ಲಿ ಬಳಸುತ್ತಿದ್ದುದು ವೆಪ್ ಎಂಬ ಹಳೆಯ ಗೂಢಲಿಪಿ ವಿಧಾನ. ಅದರಲ್ಲಿ ದೊಡ್ಡ ದೋಷವಿದೆಯೆಂದು ವಿಜ್ಞಾನಿಗಳು 2001ರಲ್ಲಿಯೇ ತೋರಿಸಿಕೊಟ್ಟಿದ್ದರು. ಅದಕ್ಕಿಂತ ಗಟ್ಟಿಯಾದ ಡಬ್ಲ್ಯುಪಿಎ ವಿಧಾನ 2003ರಲ್ಲಿಯೂ, ಡಬ್ಲ್ಯುಪಿಎ-2 ವಿಧಾನ 2004ರಲ್ಲಿಯೂ ಬಂದಿದ್ದವು. ಅಂಗಡಿಯಲ್ಲಿ ಮಾತ್ರ ಹಳೆಯ ಬೀಗವೇ ಉಳಿದಿತ್ತು.

ಮುಂದೆ ನಡೆದದ್ದು ಇನ್ನೂ ಗಂಭೀರ. ಅಂಗಡಿಯ ಜಾಲದಿಂದ ಕಳ್ಳರು ಸಂಸ್ಥೆಯ ಮುಖ್ಯ ಕಂಪ್ಯೂಟರುಗಳವರೆಗೂ ತಲುಪಿದರು. ಅವು ಇದ್ದುದು ಸುಮಾರು 2,000 ಕಿಲೋಮೀಟರ್ ದೂರದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಗ್ರಾಹಕರ 4.5 ಕೋಟಿಗೂ ಹೆಚ್ಚು ಬ್ಯಾಂಕ್ ಕಾರ್ಡುಗಳ ವಿವರ ಕಳುವಾಯಿತು. ಸಂಸ್ಥೆ ಈ ಕಳ್ಳತನವನ್ನು ಜಗತ್ತಿಗೆ ತಿಳಿಸಿದ್ದು 2007ರ ಜನವರಿಯಲ್ಲಿ. ಕಳ್ಳರ ಮುಖಂಡನಿಗೆ 2010ರಲ್ಲಿ 20 ವರ್ಷಗಳ ಸೆರೆಮನೆ ಶಿಕ್ಷೆಯಾಯಿತು.

ಈ ಘಟನೆಯಿಂದ ಎರಡು ಪಾಠ ಕಲಿಯಬಹುದು. ಒಂದು, ಹೊರಬಾಗಿಲ ಬೀಗ ಗಟ್ಟಿಯಾಗಿರಬೇಕು. ಎರಡು, ಯಾರಾದರೂ ಹೇಗೋ ಒಳಗೆ ಬಂದರೂ ಅಲ್ಲಿಂದ ಖಜಾನೆಯ ತನಕ ನೇರ ದಾರಿ ಇರಬಾರದು. ನಡುವೆ ಮತ್ತೊಂದು ಗೋಡೆ ಇರಬೇಕು.

ಫೈರ್‌ವಾಲ್ ಎಂಬ ಕಾವಲುಗಾರ

ಆ ಗೋಡೆಗೆ ಫೈರ್‌ವಾಲ್ ಎಂದು ಹೆಸರು. ಕನ್ನಡದಲ್ಲಿ ಬೆಂಕಿ ತಡೆಗೋಡೆ ಎನ್ನಬಹುದು. ದೊಡ್ಡ ಕಟ್ಟಡಗಳಲ್ಲಿ ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆಗೆ ಹರಡದಂತೆ ನಡುವೆ ದಪ್ಪ ಗೋಡೆ ಕಟ್ಟುತ್ತಾರೆ. ಆ ಹೆಸರೇ ಕಂಪ್ಯೂಟರ್ ಲೋಕಕ್ಕೂ ಬಂದಿದೆ. ಆದರೆ ಈ ಗೋಡೆ ಎಲ್ಲವನ್ನೂ ತಡೆಯುವುದಿಲ್ಲ. ನಿಯಮ ನೋಡಿ ಕೆಲವನ್ನು ಬಿಡುತ್ತದೆ, ಕೆಲವನ್ನು ತಡೆಯುತ್ತದೆ. ಹಾಗಾಗಿ ಅದನ್ನು ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಹೋಲಿಸುವುದು ಸರಿ.

ಕಾವಲುಗಾರ ಏನನ್ನು ನೋಡುತ್ತಾನೆ? ಜಾಲದಲ್ಲಿ ಯಾವ ಸಂದೇಶವೂ ಇಡಿಯಾಗಿ ಹೋಗುವುದಿಲ್ಲ. ಚಿತ್ರ, ಪಾಠ, ಹಾಡು ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತವೆ. ಪ್ರತಿ ಪೊಟ್ಟಣದ ಮೇಲೂ, ಅಂಚೆಯ ಲಕೋಟೆಯ ಮೇಲಿರುವಂತೆ, ವಿಳಾಸಗಳಿರುತ್ತವೆ: ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು. ಜೊತೆಗೆ ಯಾವ ಬಾಗಿಲಿಗೆ ಎಂಬ ಸಂಖ್ಯೆಯೂ ಇರುತ್ತದೆ. ಕಂಪ್ಯೂಟರಿನಲ್ಲಿ ಇಂಥ ಬಾಗಿಲುಗಳಿಗೆ 0ಯಿಂದ 65,535ರವರೆಗೆ ಸಂಖ್ಯೆಗಳಿವೆ. ಇವು ನಿಜವಾದ ಬಾಗಿಲುಗಳಲ್ಲ, ಕೆಲಸಗಳಿಗೆ ಕೊಟ್ಟ ಗುರುತುಗಳು. ಸುರಕ್ಷಿತ ಜಾಲತಾಣಗಳ ಪುಟಗಳಿಗೆ ಸಾಮಾನ್ಯವಾಗಿ 443ನೆಯ ಬಾಗಿಲು. ಫೈರ್‌ವಾಲ್ ಈ ವಿವರಗಳನ್ನೆಲ್ಲ ಓದಿ, ತನ್ನ ಬಳಿಯಿರುವ ನಿಯಮಗಳ ಪಟ್ಟಿಗೆ ಹೋಲಿಸಿ ತೀರ್ಮಾನಿಸುತ್ತದೆ.

ಒಂದೇ ಪೆಟ್ಟಿಗೆ, ಎರಡು ಹೆಸರು

ಈಗ ಒಂದು ತಾಲ್ಲೂಕು ಗ್ರಂಥಾಲಯವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಮೂವರು ಸಿಬ್ಬಂದಿ ಇದ್ದಾರೆ. ಒಂದು ಕಂಪ್ಯೂಟರಿನಲ್ಲಿ ಸದಸ್ಯರ ಹೆಸರು, ವಿಳಾಸ, ಫೋನ್ ಸಂಖ್ಯೆ, ಯಾರು ಯಾವ ಪುಸ್ತಕ ಒಯ್ದರು ಎಂಬ ವಿವರ ಇದೆ. ಓದಲು ಬರುವವರಿಗೂ ವೈ-ಫೈ ಕೊಡಬೇಕು.

ಗೋಡೆಯ ಮೇಲೆ ಕೂರಿಸಿದ ವೈ-ಫೈ ಪೆಟ್ಟಿಗೆ ಒಂದೇ ಆದರೂ ಅದು ಎರಡು ಹೆಸರುಗಳನ್ನು ಸಾರಬಲ್ಲದು. ಒಂದಕ್ಕೆ 'ಸಿಬ್ಬಂದಿ' ಎಂದೂ ಇನ್ನೊಂದಕ್ಕೆ 'ಓದುಗರು' ಎಂದೂ ಹೆಸರಿಡೋಣ. ನಿಮ್ಮ ಫೋನಿನಲ್ಲಿ ನೋಡಿದರೆ ಎರಡು ಬೇರೆ ಬೇರೆ ಜಾಲಗಳಿರುವಂತೆ ಕಾಣುತ್ತದೆ.

ಆದರೆ ಪೆಟ್ಟಿಗೆಯಿಂದ ಫೈರ್‌ವಾಲ್‌ವರೆಗೆ ಇರುವುದು ಒಂದೇ ತಂತಿ. ಅದರಲ್ಲಿ ಎರಡೂ ಬಗೆಯ ಪೊಟ್ಟಣಗಳು ಬೆರೆತುಹೋಗುವುದಿಲ್ಲವೇ? ಅಂಚೆ ಲಾರಿಯನ್ನು ನೆನೆಯಿರಿ. ಒಂದೇ ಲಾರಿಯಲ್ಲಿ ಹಲವು ಊರುಗಳ ಚೀಲಗಳಿರುತ್ತವೆ. ಪ್ರತಿ ಚೀಲಕ್ಕೂ ಚೀಟಿ ಕಟ್ಟಿರುವುದರಿಂದ ಯಾವುದೂ ಅದಲುಬದಲಾಗುವುದಿಲ್ಲ. ಇಲ್ಲಿಯೂ ಹಾಗೆಯೇ. 'ಸಿಬ್ಬಂದಿ' ಹೆಸರಿನಿಂದ ಬಂದ ಪೊಟ್ಟಣಕ್ಕೆ 10 ಎಂಬ ಚೀಟಿ, 'ಓದುಗರು' ಹೆಸರಿನಿಂದ ಬಂದದ್ದಕ್ಕೆ 20 ಎಂಬ ಚೀಟಿ. ಚೀಟಿ ಹಚ್ಚುವುದು ವೈ-ಫೈ ಪೆಟ್ಟಿಗೆಯ ಕೆಲಸ. ಹೀಗೆ ಒಂದೇ ತಂತಿಯಲ್ಲಿ ಎರಡು ಜಾಲಗಳು ಬೇರೆಯಾಗಿಯೇ ಸಾಗುತ್ತವೆ. ಇದಕ್ಕೆ ವಿ-ಲ್ಯಾನ್ ಎಂದು ಹೆಸರು.

*ನಿಮಗಿದು ಗೊತ್ತೆ?* ಚೀಟಿಯಲ್ಲಿ ಸಂಖ್ಯೆ ಬರೆಯಲು 12 ಮನೆಗಳಿವೆ. ಪ್ರತಿ ಮನೆಯಲ್ಲಿ 0 ಅಥವಾ 1 ಬರೆಯಬಹುದು. ಹಾಗಾದರೆ ಒಟ್ಟು ಎಷ್ಟು ಚೀಟಿಗಳು? 2ನ್ನು 12 ಸಲ ಗುಣಿಸಿ ನೋಡಿ: 4,096. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು 4,094 ಚೀಟಿಗಳನ್ನು ಬಳಸುತ್ತಾರೆ.

ನಿಯಮಗಳ ಪಟ್ಟಿ

ಪೊಟ್ಟಣಗಳು ಚೀಟಿಯೊಂದಿಗೆ ಫೈರ್‌ವಾಲ್ ಬಳಿ ಬಂದವು. ಅದರ ಕೈಯಲ್ಲಿ ಈ ಪಟ್ಟಿ ಇದೆ:

1. ಓದುಗರ ಜಾಲದಿಂದ ಸಿಬ್ಬಂದಿ ಜಾಲಕ್ಕೆ – ತಡೆ.
2. ಓದುಗರ ಜಾಲದಿಂದ ಎಲ್ಲಿಗಾದರೂ – ಬಿಡು.
3. ಸಿಬ್ಬಂದಿ ಜಾಲದಿಂದ ಅಂತರಜಾಲಕ್ಕೆ – ಬಿಡು.
4. ಉಳಿದದ್ದೆಲ್ಲ – ತಡೆ.

ಫೈರ್‌ವಾಲ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿಕೆಯಾದ ನಿಯಮವೇ ಅಂತಿಮ. ಅದರ ಕೆಳಗಿನದನ್ನು ನೋಡುವುದೇ ಇಲ್ಲ.

ಓದುಗನೊಬ್ಬ ವಿಶ್ವಕೋಶದ ಪುಟ ಬೇಕೆಂದು ಕೇಳಿದ ಎನ್ನಿ. ಒಂದನೆಯ ನಿಯಮ ಹೊಂದುವುದಿಲ್ಲ. ಎರಡನೆಯದು ಹೊಂದುತ್ತದೆ. ಪೊಟ್ಟಣ ಹೊರಗೆ ಹೋಗುತ್ತದೆ. ಅದೇ ಓದುಗ ಸದಸ್ಯರ ವಿವರವಿರುವ ಕಂಪ್ಯೂಟರಿಗೆ ಪೊಟ್ಟಣ ಕಳಿಸಿದರೆ? ಒಂದನೆಯ ನಿಯಮದಲ್ಲೇ ಅದು ನಿಂತುಹೋಗುತ್ತದೆ. ಹೊರಗಿನ ಅಪರಿಚಿತ ಕಂಪ್ಯೂಟರ್ ಒಂದು ತಾನಾಗಿಯೇ ಗ್ರಂಥಾಲಯದೊಳಗೆ ಇಣುಕಲು ಬಂದರೆ ಮೊದಲ ಮೂರು ನಿಯಮಗಳೂ ಹೊಂದುವುದಿಲ್ಲ. ನಾಲ್ಕನೆಯದು ತಡೆಯುತ್ತದೆ.

ಇಲ್ಲೊಂದು ಪ್ರಶ್ನೆ ಏಳಬಹುದು. ಹೊರಗಿನಿಂದ ಬರುವುದನ್ನೆಲ್ಲ ತಡೆದರೆ ವಿಶ್ವಕೋಶದ ಪುಟ ಓದುಗನಿಗೆ ತಲುಪುವುದು ಹೇಗೆ? ಫೈರ್‌ವಾಲ್‌ಗೆ ನೆನಪಿದೆ! ಯಾರು ಯಾರಿಗೆ ಏನು ಕೇಳಿದರು ಎಂದು ಅದು ಗುರುತು ಹಾಕಿಕೊಂಡಿರುತ್ತದೆ. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನು ಬಿಡುತ್ತದೆ. ಕೇಳದೆ ಬಂದದ್ದನ್ನು ತಡೆಯುತ್ತದೆ.

ಕೊನೆಯ ನಿಯಮವನ್ನು ಮತ್ತೊಮ್ಮೆ ಗಮನಿಸಿ. ಕೆಟ್ಟದ್ದನ್ನೆಲ್ಲ ಪಟ್ಟಿ ಮಾಡಿ ತಡೆಯಲು ಹೊರಟರೆ ಯಾವುದೋ ಒಂದು ಬಿಟ್ಟುಹೋಗುತ್ತದೆ. ಅದರ ಬದಲು ಬೇಕಾದುದನ್ನು ಮಾತ್ರ ಬರೆದು, ಉಳಿದದ್ದೆಲ್ಲ ತಡೆ ಎಂದರೆ ಮರೆವಿನಿಂದ ಅಪಾಯವಾಗುವುದು ಕಡಿಮೆ.

ಒಬ್ಬೊಬ್ಬರಿಗೂ ಒಂದೊಂದು ಕೀಲಿ

ಸಿಬ್ಬಂದಿ ಜಾಲಕ್ಕೆ ಗುಪ್ತಪದ ಬೇಕೇ ಬೇಕು. ಮೂವರಿಗೂ ಒಂದೇ ಗುಪ್ತಪದ ಕೊಟ್ಟರೆ ಏನು ತೊಂದರೆ? ಅವರಲ್ಲಿ ಒಬ್ಬರು ಬೇರೆ ಊರಿಗೆ ವರ್ಗವಾದರು ಎನ್ನಿ. ಗುಪ್ತಪದ ಅವರಿಗೆ ಗೊತ್ತಿದೆ. ಅದನ್ನು ಬದಲಿಸಬೇಕು, ಉಳಿದವರಿಗೆಲ್ಲ ತಿಳಿಸಬೇಕು, ಎಲ್ಲ ಯಂತ್ರಗಳಲ್ಲೂ ಹೊಸದಾಗಿ ಬರೆಯಬೇಕು. ಮೂವರಿರುವಲ್ಲಿ ಇದು ಆದೀತು. ಮುನ್ನೂರು ಮಂದಿ ಇರುವ ಆಸ್ಪತ್ರೆಯಲ್ಲಿ?

ಅದಕ್ಕಾಗಿ ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಗುಪ್ತಪದ ಕೊಡುತ್ತಾರೆ. ಇವುಗಳನ್ನು ಪರೀಕ್ಷಿಸಲು ಒಂದು ಪ್ರತ್ಯೇಕ ಕಂಪ್ಯೂಟರ್ ಇರುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಅವರ ಹೆಸರನ್ನು ಮಾತ್ರ ಅಳಿಸಿದರೆ ಸಾಕು. ಗೂಢಲಿಪಿಗೆ ಡಬ್ಲ್ಯುಪಿಎ-2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ-3 ಬಳಸಬೇಕು. ಹಳೆಯ ವೆಪ್ ಅನ್ನು ಎಂದಿಗೂ ಬಳಸಬಾರದು.

ಓದುಗರಿಗೂ ರಕ್ಷಣೆ ಬೇಕು

ಸಾರ್ವಜನಿಕ ಜಾಲ ಎಂದರೆ ಹೇಗಿದ್ದರೂ ನಡೆಯುತ್ತದೆ ಎಂದಲ್ಲ. ಒಬ್ಬ ಓದುಗನ ಫೋನಿನಲ್ಲಿ ಕಂಪ್ಯೂಟರ್ ವೈರಸ್ ಇದ್ದರೆ ಪಕ್ಕದವರ ಫೋನಿಗೆ ಅದು ದಾಟಬಾರದು. ಅದಕ್ಕಾಗಿ ಓದುಗರ ಯಂತ್ರಗಳು ಒಂದನ್ನೊಂದು ಮಾತನಾಡಿಸದಂತೆ ವೈ-ಫೈ ಪೆಟ್ಟಿಗೆಯಲ್ಲಿ ಏರ್ಪಾಡು ಮಾಡುತ್ತಾರೆ. ಪ್ರತಿಯೊಬ್ಬರೂ ಅಂತರಜಾಲಕ್ಕೆ ಹೋಗಬಹುದು, ಪಕ್ಕದವರ ಫೋನಿಗೆ ಹೋಗುವಂತಿಲ್ಲ.

ಎಲ್ಲರಿಗೂ ಪಾಲು ಸಿಗುವಂತೆಯೂ ನೋಡಿಕೊಳ್ಳಬೇಕು. ಗ್ರಂಥಾಲಯಕ್ಕೆ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಸಂಪರ್ಕ ಇದೆ ಎನ್ನೋಣ. ಇದರಲ್ಲಿ 40ನ್ನು ಸಿಬ್ಬಂದಿಗೆ ಮೀಸಲಿಟ್ಟರೆ ಉಳಿದದ್ದು 60. ಒಬ್ಬ ಓದುಗನಿಗೆ 2 ಮೆಗಾಬಿಟ್ ಮೀರದಂತೆ ಮಿತಿ ಹಾಕಿದರೆ ಒಂದೇ ಸಲಕ್ಕೆ 30 ಮಂದಿ ಆರಾಮವಾಗಿ ಬಳಸಬಹುದು. ಮಿತಿ ಇಲ್ಲದಿದ್ದರೆ ಸಿನಿಮಾ ಇಳಿಸಿಕೊಳ್ಳುವ ಒಂದಿಬ್ಬರೇ ಬಹುಪಾಲನ್ನು ನುಂಗಿಬಿಡಬಹುದು.

ನಮ್ಮ ದೇಶದ ರೈಲು ನಿಲ್ದಾಣಗಳಲ್ಲಿ ಸಾರ್ವಜನಿಕ ವೈ-ಫೈ ದೊಡ್ಡ ಪ್ರಮಾಣದಲ್ಲಿ ಬೆಳೆದಿದೆ. ರೈಲ್ವೆಯ ರೈಲ್‌ಟೆಲ್ ಸಂಸ್ಥೆ ಗೂಗಲ್ ಜೊತೆ ಸೇರಿ 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಇದನ್ನು ಆರಂಭಿಸಿತು. 2018ರ ಜೂನ್‌ನಲ್ಲಿ ಅಸ್ಸಾಮಿನ ದಿಬ್ರೂಗಢ 400ನೆಯ ನಿಲ್ದಾಣವಾಯಿತು. ಗೂಗಲ್ ಈ ಕೆಲಸದಿಂದ ಹಿಂದೆ ಸರಿಯುವುದಾಗಿ 2020ರಲ್ಲಿ ತಿಳಿಸಿದ ಮೇಲೂ ರೈಲ್‌ಟೆಲ್ ಸೇವೆ ಮುಂದುವರಿಸಿತು. 2023ರ ಹೊತ್ತಿಗೆ 6,000ಕ್ಕೂ ಹೆಚ್ಚು ನಿಲ್ದಾಣಗಳಿಗೆ ವೈ-ಫೈ ತಲುಪಿತ್ತು. ಪ್ರಯಾಣಿಕರು ತಮ್ಮ ಮೊಬೈಲ್ ಸಂಖ್ಯೆ ಕೊಟ್ಟರೆ ಒಮ್ಮೆ ಮಾತ್ರ ಬಳಸಬಹುದಾದ ಗುಪ್ತಸಂಖ್ಯೆ ಬರುತ್ತದೆ. ಅದನ್ನು ತುಂಬಿದ ಮೇಲೆಯೇ ಜಾಲ ತೆರೆಯುತ್ತದೆ.

ಕಾವಲುಗಾರನಿಂದ ಆಗದ ಕೆಲಸ

ಫೈರ್‌ವಾಲ್ ಇದ್ದಮಾತ್ರಕ್ಕೆ ಎಲ್ಲವೂ ಕ್ಷೇಮ ಎಂದು ತಿಳಿಯಬಾರದು. ಸಿಬ್ಬಂದಿಯೇ ತಮ್ಮ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿದರೆ ಅದು ಏನು ಮಾಡೀತು? ಸರಿಯಾದ ಗುಪ್ತಪದದೊಂದಿಗೆ ಬಂದವನನ್ನು ಸಿಬ್ಬಂದಿ ಎಂದೇ ನಂಬುತ್ತದೆ. ಮೋಸಗಾರನೊಬ್ಬ ತನ್ನ ಬಳಿಯ ಯಂತ್ರಕ್ಕೂ 'ಓದುಗರು' ಎಂದೇ ಹೆಸರಿಟ್ಟು ಜನರನ್ನು ಸೆಳೆಯಬಹುದು. ಆ ಯಂತ್ರ ಫೈರ್‌ವಾಲ್‌ನ ಹಿಂದೆ ಇರುವುದೇ ಇಲ್ಲ.

ಆದ್ದರಿಂದ ನೀವೂ, ನಿಮ್ಮ ಮನೆಯವರೂ ಸಾರ್ವಜನಿಕ ವೈ-ಫೈ ಬಳಸುವಾಗ ಈ ಮಾತುಗಳನ್ನು ನೆನಪಿಡಿ:

• ಜಾಲದ ಸರಿಯಾದ ಹೆಸರನ್ನು ಅಲ್ಲಿನ ಸಿಬ್ಬಂದಿಯಿಂದ ಕೇಳಿ ತಿಳಿದುಕೊಳ್ಳಿ.
• ಬ್ಯಾಂಕಿನ ವ್ಯವಹಾರವನ್ನು ಅಲ್ಲಿ ಮಾಡದಿರುವುದೇ ಒಳ್ಳೆಯದು.
• ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಡಿ.
• ಕೆಲಸ ಮುಗಿದ ಮೇಲೆ ಫೋನಿನ ವೈ-ಫೈ ಆರಿಸಿ.

ತರಗತಿಯಲ್ಲಿ ಆಡಿ

ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ವೃತ್ತ ಬರೆಯಿರಿ. ಅವುಗಳಿಗೆ 'ಸಿಬ್ಬಂದಿ', 'ಓದುಗರು', 'ಅಂತರಜಾಲ' ಎಂದು ಹೆಸರಿಡಿ. ಪ್ರತಿ ವೃತ್ತದಲ್ಲಿ ಕೆಲವರು ನಿಲ್ಲಲಿ. ನಡುವೆ ಒಬ್ಬರು ಫೈರ್‌ವಾಲ್ ಆಗಿ ನಿಯಮಗಳ ಪಟ್ಟಿ ಹಿಡಿದು ನಿಲ್ಲಲಿ. ಉಳಿದವರು ಚೀಟಿಯಲ್ಲಿ 'ಎಲ್ಲಿಂದ, ಎಲ್ಲಿಗೆ' ಎಂದು ಬರೆದು ಫೈರ್‌ವಾಲ್ ಕೈಗೆ ಕೊಡಲಿ. ಅವರು ಪಟ್ಟಿ ಓದಿ 'ಬಿಡು' ಅಥವಾ 'ತಡೆ' ಎನ್ನಲಿ. ಯಾವ ನಿಯಮದಿಂದ ಹಾಗೆ ತೀರ್ಮಾನಿಸಿದರು ಎಂದೂ ಹೇಳಲಿ. ಹತ್ತು ಚೀಟಿಗಳಾದ ಮೇಲೆ ಫೈರ್‌ವಾಲ್ ಬದಲಾಗಲಿ.

ಯೋಚಿಸಿ ಉತ್ತರಿಸಿ

1. ಪಟ್ಟಿಯ ಒಂದನೆಯ ಮತ್ತು ಎರಡನೆಯ ನಿಯಮಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ?
2. ಸಿಬ್ಬಂದಿ ಜಾಲದ ಕಂಪ್ಯೂಟರ್ ಓದುಗರ ಫೋನಿಗೆ ಪೊಟ್ಟಣ ಕಳಿಸಿದರೆ ಅದು ಹೋಗುತ್ತದೆಯೇ? ಯಾವ ನಿಯಮದಿಂದ?
3. ಯಾವ ಯಾವ ಪುಸ್ತಕಗಳಿವೆ ಎಂದು ಓದುಗರು ತಮ್ಮ ಫೋನಿನಲ್ಲೇ ನೋಡಲು ಬಯಸುತ್ತಾರೆ. ಆದರೆ ಪುಸ್ತಕಪಟ್ಟಿಯ ಕಂಪ್ಯೂಟರ್ ಸಿಬ್ಬಂದಿ ಜಾಲದಲ್ಲಿದೆ. ಹೊಸ ನಿಯಮವನ್ನು ಪಟ್ಟಿಯ ಯಾವ ಜಾಗದಲ್ಲಿ, ಹೇಗೆ ಬರೆಯುವಿರಿ?

ಉತ್ತರಗಳು

1. 'ಎಲ್ಲಿಗಾದರೂ – ಬಿಡು' ಎಂಬುದು ಮೊದಲೇ ಹೊಂದುತ್ತದೆ. ಓದುಗರ ಪೊಟ್ಟಣಗಳು ಸಿಬ್ಬಂದಿ ಜಾಲಕ್ಕೂ ಹೋಗುತ್ತವೆ. 'ತಡೆ' ಎಂಬ ನಿಯಮ ಪಟ್ಟಿಯಲ್ಲಿದ್ದರೂ ಅದರವರೆಗೆ ಫೈರ್‌ವಾಲ್ ಓದುವುದೇ ಇಲ್ಲ. ನಿಯಮ ಎಷ್ಟು ಮುಖ್ಯವೋ ಅದರ ಸ್ಥಾನವೂ ಅಷ್ಟೇ ಮುಖ್ಯ.
2. ಹೋಗುವುದಿಲ್ಲ. ಮೊದಲ ಮೂರು ನಿಯಮಗಳು ಹೊಂದುವುದಿಲ್ಲ. ನಾಲ್ಕನೆಯದರಿಂದ ತಡೆ.
3. ಎಲ್ಲಕ್ಕಿಂತ ಮೇಲೆ ಬರೆಯಬೇಕು. 'ಓದುಗರ ಜಾಲದಿಂದ ಪುಸ್ತಕಪಟ್ಟಿಯ ಕಂಪ್ಯೂಟರಿನ 443ನೆಯ ಬಾಗಿಲಿಗೆ ಮಾತ್ರ – ಬಿಡು' ಎಂದರೆ ಸಾಕು. ಅದೇ ಅಂಚೆ ಕಚೇರಿಯ ಕಿಟಕಿ! ಆ ಕಂಪ್ಯೂಟರನ್ನು ಸದಸ್ಯರ ವಿವರಗಳಿಂದ ದೂರವಾಗಿ, ಮೂರನೆಯ ಚೀಟಿಯ ಬೇರೆ ಜಾಲದಲ್ಲಿ ಇಟ್ಟರೆ ಇನ್ನೂ ಉತ್ತಮ.